ಹೂವಿನ ಪಟ್ಟಿಗೆ ನಾನು ಸೇರಿಸಿದ ಹೆಂಗಸು

ನಮ್ಮ ಪಾದ್ರಿಗಳು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಮೂರು ವರ್ಷ ಸೇವೆ ಮಾಡಿ ನೈರೋಬಿಗೆ ಹಿಂದಿರುಗಿದವರು. ಅಲ್ಲಿ ಅವರ ಪಾಲಿಗೆ ಐದು ಹಳ್ಳಿಗಳಿದ್ದವಂತೆ. ಊರಿಗೊಂದು ಕಲ್ಲಿನ ಚರ್ಚು, ಎಲ್ಲಕ್ಕೂ ಸೇರಿ ಒಬ್ಬರೇ ಪಾದ್ರಿ, ಒಂದು ಮಾಸಪತ್ರಿಕೆ, ಒಂದು ಹೂವಿನ ಪಟ್ಟಿ. ಯಾವ ಭಾನುವಾರ ಬಲಿಪೀಠದ ಮುಂದೆ ಯಾರು ಹೂವು ಜೋಡಿಸಬೇಕು ಎಂಬುದನ್ನು ಮೊದಲೇ ಬರೆದು ಬಾಗಿಲಿಗೆ ಅಂಟಿಸಿಬಿಡುತ್ತಿದ್ದರಂತೆ. ಆ ಅಚ್ಚುಕಟ್ಟಿಗೆ ಮನಸೋತು ಬಂದ ನಮ್ಮ ಪಾದ್ರಿಗಳು ನೈರೋಬಿಯ ಕರೆನ್, ಲಂಗಾಟಾ, ಎಂಬಕಸಿ ಈ ಮೂರು ಕಡೆಯ ಸಣ್ಣ ಸಭೆಗಳನ್ನು ಹಾಗೆಯೇ ಒಂದು ಗುಂಪು ಮಾಡಿದರು.

ಆದರೆ ಇವು ಅಕ್ಕಪಕ್ಕದ ಹಳ್ಳಿಗಳಲ್ಲ. ಕರೆನ್‌ನಲ್ಲಿ ದೊಡ್ಡ ಮರಗಳ ನಡುವೆ ಹಳೆಯ ಕಲ್ಲಿನ ಚರ್ಚು. ಒಬ್ಬೊಬ್ಬರೂ ಒಂದೊಂದು ಕಾರಿನಲ್ಲಿ ಬರುವವರು, ಕೆಮ್ಮುವುದಕ್ಕೂ ಹೊರಗೆ ಹೋಗುವವರು. ಎಂಬಕಸಿಯದು ತಗಡಿನ ಸೂರು. ವಿಮಾನ ತಲೆಯ ಮೇಲೆ ಹಾದುಹೋಗುವಷ್ಟು ಹೊತ್ತು ಅಲ್ಲಿ ಪ್ರಸಂಗ ನಿಲ್ಲಬೇಕು. ಸಭೆ ಆ ಬಿಡುವಿನಲ್ಲಿ ಮಕ್ಕಳ ಮೂಗು ಒರೆಸಿ, ಪಕ್ಕದವರ ಯೋಗಕ್ಷೇಮ ಕೇಳಿ ಮುಗಿಸುತ್ತದೆ. ಲಂಗಾಟಾದ ನಮಗೆ ಸ್ವಂತ ಚರ್ಚೇ ಇಲ್ಲ, ಶಾಲೆಯೊಂದರ ಊಟದ ಹಾಲಿನಲ್ಲಿ ನಮ್ಮ ಆರಾಧನೆ.

ನಾನು ಮೈಸೂರಿನವನು. ಇಪ್ಪತ್ತೆರಡು ವರ್ಷಗಳಿಂದ ಇಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಕಂಪ್ಯೂಟರ್ ಬಲ್ಲ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಮಾಸಪತ್ರಿಕೆ ನನ್ನ ತಲೆಗೆ ಬಿತ್ತು. ಹೂವಿನ ಪಟ್ಟಿ ಮಾತ್ರ ಕರೆನ್‌ನ ಒಬ್ಬ ಹಿರಿಯ ಇಂಗ್ಲಿಷ್ ಮಹಿಳೆಯ ಕೈಯಲ್ಲಿತ್ತು. ಅವರು ಹುಟ್ಟಿ ಬೆಳೆದದ್ದು ಪಾದ್ರಿಗಳು ವರ್ಣಿಸಿದಂಥದೇ ಹಳ್ಳಿಯೊಂದರಲ್ಲಿ. ಎಂಬತ್ತರ ಹತ್ತಿರದ ವಯಸ್ಸು, ಹುಲ್ಲಿನ ಟೋಪಿ, ಕೈಚೀಲದಲ್ಲಿ ಸದಾ ಗಿಡ ಸವರುವ ಒಂದು ಕತ್ತರಿ. ನಿಯಮವೇನೆಂದರೆ, ಮೂರು ಸಭೆಯವರೂ ಸರದಿಯ ಮೇಲೆ ಶನಿವಾರ ಕರೆನ್ ಚರ್ಚಿಗೆ ಬಂದು ಹೂವಿಡಬೇಕು.

ಒಂದು ಭಾನುವಾರ ಪತ್ರಿಕೆ ಹಂಚಲು ಕರೆನ್ ಚರ್ಚಿಗೆ ಹೋದಾಗ ಅವರ ಬಳಿ ಹೋಗಿ, "ನನ್ನ ಹೆಸರನ್ನೂ ಸೇರಿಸ್ಕೊಳ್ಳಿ, ಹೂವಿನ ಕೆಲಸ ನನಗೆ ಬರುತ್ತೆ" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವರು ಟೋಪಿಯ ಅಂಚಿನ ಕೆಳಗಿನಿಂದ ನನ್ನನ್ನು ನೋಡಿದರು. "ಗಂಡಸರು ಕುರ್ಚಿ ಎತ್ತಿಡ್ತಾರೆ. ಕುರ್ಚಿಗೂ ಒಂದು ಪಟ್ಟಿ ಇದೆ. ಅದರಲ್ಲಿ ನಿಮ್ಮ ಹೆಸರು ಆಗಲೇ ಇದೆ."

ನನಗೆ ಅವಮಾನವಾಯಿತು ಎಂದು ಹೇಳಲಾರೆ, ಆದರೆ ಚುರುಕ್ಕೆಂದಿತು. ಮೈಸೂರಿನಲ್ಲಿ ನಮ್ಮ ಚರ್ಚಿಗೆ ಹಬ್ಬದ ಹೂವು ಕಟ್ಟುತ್ತಿದ್ದವರು ನನ್ನ ತಾಯಿ. ಅವರ ಬೆರಳಿನ ಗಂಟುಗಳು ಊದಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ಸೇವಂತಿಗೆ, ಮರುಗ, ಕನಕಾಂಬರ ಇಟ್ಟು, ಬಾಳೆನಾರನ್ನು ನೀರಿನಲ್ಲಿ ನೆನೆಸಿ, ಎರಡು ಬೆರಳಿನಲ್ಲಿ ಗಂಟು ಹಾಕುವುದನ್ನು ನಾನು ಕಾಗುಣಿತಕ್ಕಿಂತ ಮೊದಲೇ ಕಲಿತವನು. ನೈರೋಬಿಯಲ್ಲಿ ರಸ್ತೆಯ ಪಕ್ಕ ರಾಶಿ ಹಾಕಿ ಮಾರುವ ಹೂವು ಕಂಡಾಗಲೆಲ್ಲ ಕೈ ತುರಿಸುತ್ತಿತ್ತು.

ಅವಕಾಶ ತಾನಾಗಿ ಬಂತು. ಪ್ರತಿ ತಿಂಗಳೂ ಆ ಮಹಿಳೆ ಫೋನಿನಲ್ಲಿ ಹೆಸರು ಹೇಳುವುದು, ನಾನು ಟೈಪ್ ಮಾಡಿ ಪತ್ರಿಕೆಯಲ್ಲಿ ಹಾಕುವುದು ರೂಢಿ. ಎಂಬಕಸಿಯ ಸರದಿ ಮಾತ್ರ ಯಾವಾಗಲೂ ಖಾಲಿ. ಅವರೆಲ್ಲ ವಿಮಾನ ನಿಲ್ದಾಣದ ಗೋದಾಮುಗಳಲ್ಲಿ ಪಾಳಿಯ ಮೇಲೆ ದುಡಿಯುವವರು; ಮಟಾಟು ಎಂಬ ಬಾಡಿಗೆ ವ್ಯಾನುಗಳನ್ನು ಎರಡು ಸಲ ಬದಲಾಯಿಸಿ ಊರಿನ ಆ ತುದಿಯಿಂದ ಈ ತುದಿಗೆ ಹೂವಿಡಲು ಯಾರು ಬರುತ್ತಾರೆ? ಆ ತಿಂಗಳು ಫೋನಿನಲ್ಲಿ ಅವರ ಧ್ವನಿ ಗಡುಸಾಗಿತ್ತು.

"ಎಂಬಕಸಿಯಿಂದ ಯಾರು? ಈ ಸಲವೂ ಯಾರೂ ಇಲ್ವಾ?"

ನನ್ನ ಬಾಯಿಂದ ಒಂದು ಹೆಂಗಸಿನ ಹೆಸರು ಹೊರಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಯಾವ ಮಟಾಟುವಿನಲ್ಲಿ ಕೂಗಿದರೂ ಇಬ್ಬರು ಮೂವರು ತಿರುಗಿ ನೋಡುವಷ್ಟು ಸಾಮಾನ್ಯವಾದ ಹೆಸರು ಎಂದರೆ ಸಾಕು. "ಹೊಸಬರು," ಎಂದೂ ಸೇರಿಸಿದೆ.

ಆ ಹೆಸರಿನ ಸರದಿಯ ಶನಿವಾರ ಮಧ್ಯಾಹ್ನ ಕಾರಿನ ಹಿಂದೆ ಎರಡು ಬಕೆಟ್ ಇಟ್ಟುಕೊಂಡು ಹೊರಟೆ. ಪತ್ರಿಕೆಯ ಕಟ್ಟು ಇಡಲೆಂದು ಚರ್ಚಿನ ಬೀಗದ ಕೈ ನನ್ನಲ್ಲೇ ಇತ್ತು. ಬಿಳಿ ಲಿಲ್ಲಿ, ಸುಗಂಧರಾಜ, ನಮ್ಮ ಹಿತ್ತಲಿನ ಜರಿಸೊಪ್ಪು. ಮೊದಲ ಸಲವಾದ್ದರಿಂದ ಕೈ ಬಿಗಿಹಿಡಿದು, ಇಂಗ್ಲಿಷರ ಕಣ್ಣಿಗೆ ಒಗ್ಗುವ ಹಾಗೆ ಜೋಡಿಸಿದೆ. ಮರುದಿನ ಆ ಮಹಿಳೆ ಬಲಿಪೀಠದ ಮುಂದೆ ಬಹಳ ಹೊತ್ತು ನಿಂತಿದ್ದು, "ಎಂಬಕಸಿಯಲ್ಲಿ ಕಣ್ಣಿರೋರು ಒಬ್ಬರಾದ್ರೂ ಇದ್ದಾರೆ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಎರಡನೇ ಸರದಿಗೆ ನನಗೆ ಧೈರ್ಯ ಬಂದಿತ್ತು. ಚೆಂಡುಹೂವು ತಂದು, ನಡುನಡುವೆ ಹಸಿರು ಸೇರಿಸಿ, ಮೈಸೂರಿನ ಹಾಗೆ ಒತ್ತಾಗಿ ಹಾರ ಕಟ್ಟಿ, ಪ್ರಸಂಗಪೀಠಕ್ಕೆ ಸುತ್ತಿಬಿಟ್ಟೆ. ಮರದ ಪೀಠ ಮದುವೆ ಹೆಣ್ಣಿನ ಹಾಗೆ ನಿಂತಿತು. ಪಾದ್ರಿಗಳು ಅದರ ಹಿಂದೆ ನಿಂತು ಪ್ರಸಂಗ ಮಾಡುವಾಗ ಒಂದು ಜೇನುಹುಳ ಅವರ ಕಿವಿಯ ಸುತ್ತ ಸುತ್ತಿ, ಪಾಪದ ವಿಷಯ ಬೇಗ ಮುಗಿಯಿತು. ಆರಾಧನೆ ಮುಗಿದ ಮೇಲೆ ಆ ಮಹಿಳೆ ಕನ್ನಡಕ ಏರಿಸಿಕೊಂಡು ಹಾರದ ಗಂಟು ಗಂಟನ್ನೂ ಮುಟ್ಟಿ ನೋಡಿದರು.

"ತಂತಿ ಇಲ್ಲ, ಟೇಪ್ ಇಲ್ಲ. ಇದು ಹೇಗೆ ನಿಂತಿದೆ?" ಎಂದು ನನ್ನನ್ನೇ ಕೇಳಿದರು.

ನನ್ನ ಎರಡು ಕೈಯಲ್ಲೂ ಕುರ್ಚಿಗಳಿದ್ದವು. "ನನಗೇನು ಗೊತ್ತು, ನಾನು ಕುರ್ಚಿಯವನು," ಎಂದೆ. ಇಷ್ಟು ಸಂತೋಷದಿಂದ ನಾನು ಯಾವತ್ತೂ ಕುರ್ಚಿ ಹೊತ್ತಿರಲಿಲ್ಲ.

ಅಲ್ಲಿಂದ ಉಡುಗೊರೆಗಳು ಶುರುವಾದವು. ಎಂಬಕಸಿಯ ಹೆಂಗಸಿಗೆ ತಲುಪಿಸಿ ಎಂದು ಆ ಮಹಿಳೆ ನನ್ನ ಕೈಗೆ ಒಂದೊಂದಾಗಿ ಅಭಿನಂದನೆಯ ಕಾರ್ಡು ಕೊಡತೊಡಗಿದರು. ಅವನ್ನು ಶಾಲೆಯ ಪ್ರಯೋಗಾಲಯದ ಡ್ರಾಯರಿನಲ್ಲಿ, ಲಿಟ್ಮಸ್ ಕಾಗದದ ಹಿಂದೆ ಇಡುತ್ತಿದ್ದೆ. ಒಂದು ಸಲ ಕುಂಡದಲ್ಲಿ ಜೆರೇನಿಯಂ ಸಸಿ ಬಂತು, ಅದು ನಮ್ಮ ಹಿತ್ತಲು ಸೇರಿತು. ಐದನೆಯ ಕಾರ್ಡನ್ನು ಕೋಟಿನ ಜೇಬಿನಲ್ಲೇ ಮರೆತೆ. ಅದು ನನ್ನ ಹೆಂಡತಿಯ ಕೈಗೆ ಸಿಕ್ಕಿತು.

ಅವಳು ಡಾಕ್ಟರು, ಗಾಬರಿ ಬೀಳುವವಳಲ್ಲ. ಊಟದ ಮೇಜಿನ ಮೇಲೆ ಕಾರ್ಡು ಇಟ್ಟು, ಸಾರು ಬಡಿಸುತ್ತಲೇ ಕೇಳಿದಳು. "ರೀ, 'ನಿಮ್ಮ ಬೆರಳುಗಳಲ್ಲಿ ಮಾಯೆ ಇದೆ' ಅಂತ ಬರೆದಿದೆ. ಯಾರೀಕೆ?"

"ಹಾಗೆ ಯಾರೂ ಇಲ್ಲ."

"ಎಲ್ಲರೂ ಹಾಗೇ ಹೇಳೋದು."

ಮಗಳು ತಟ್ಟೆಯಿಂದ ತಲೆ ಎತ್ತಿ, "ಡ್ಯಾಡ್, ಜಸ್ಟ್ ಟೆಲ್ ಹರ್" ಎಂದಳು. ಹೇಳಿದೆ. ಕೊನೆಯವರೆಗೂ ಕೇಳಿ ನನ್ನ ಹೆಂಡತಿ, "ಅಂದ್ರೆ ಶನಿವಾರ ಮಧ್ಯಾಹ್ನ ನನಗೆ ಸುಳ್ಳು ಹೇಳಿ ಹೋಗ್ತಿದ್ದಿದ್ದು ಚರ್ಚಿಗಾ?" ಎಂದು ಕೇಳಿ, ಕುರ್ಚಿಯ ಹಿಂದಕ್ಕೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ನಗು ಹೆಚ್ಚು ದಿನ ಉಳಿಯಲಿಲ್ಲ. ಮೂರು ಸಭೆಗಳ ಕೊಯ್ಲಿನ ಹಬ್ಬ ಆ ವರ್ಷ ಎಂಬಕಸಿಯಲ್ಲಿ ಒಟ್ಟಾಗಿ ನಡೆಯುವುದೆಂದೂ, ಹೂವಿನ ಸೇವೆ ಮಾಡಿದ ಎಂಬಕಸಿಯ ಸಹೋದರಿಯನ್ನು ಅಲ್ಲಿ ಎಲ್ಲರ ಮುಂದೆ ಸನ್ಮಾನಿಸುವುದೆಂದೂ ಪಾದ್ರಿಗಳು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದರು.

"ಸಾಯಿಸಿಬಿಡ್ಲಾ ಆಕೆನ?" ಎಂದು ಹೆಂಡತಿಯನ್ನು ಕೇಳಿದೆ.

"ಸಾಯಿಸಿದ್ರೆ ಫ್ಯೂನರಲ್‌ಗೂ ನೀವೇ ಹೂ ಕಟ್ಬೇಕು. ಆಮೇಲೆ ಬಾಡಿ ಎಲ್ಲಿ ಅಂತಾರೆ. ಊರಿಗೆ ಕಳಿಸಿ ಸಾಕು."

ಪಾದ್ರಿಗಳಿಗೆ ಫೋನ್ ಮಾಡಿದೆ. ಆ ಸಹೋದರಿ ತಮ್ಮ ಊರಿಗೆ ಹೋಗಿದ್ದಾರಂತೆ, ಬರುವುದು ಅನುಮಾನ ಎಂದೆ.

"ಊರಿಂದ ಬರೋಕೆ ಬಸ್ಸಿದೆ, ಮ್ವಾಲಿಮು," ಎಂದರು ಅವರು. ಮೇಷ್ಟ್ರು ಎಂಬುದಕ್ಕೆ ಇಲ್ಲಿನ ಮಾತು ಅದು. "ಎಂಬಕಸಿಯ ಹಿರಿಯರಿಗೆ ಆಗಲೇ ಹೇಳಿದ್ದೀನಿ. ಅವರು ಹುಡುಕಿ ಕರ್ಕೊಂಡು ಬರ್ತಾರೆ."

ಹಬ್ಬದ ದಿನ ಎಂಬಕಸಿಯ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಳೆಗೊನೆ, ಕಬ್ಬು, ಜೋಳದ ತೆನೆ, ಕಾಲು ಕಟ್ಟಿದ ಎರಡು ಕೋಳಿ, ಎಲ್ಲವೂ ಬಲಿಪೀಠದ ಮುಂದೆ ರಾಶಿಯಾಗಿತ್ತು. ಕರೆನ್‌ನ ಆ ಮಹಿಳೆ ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಕಾಗದ ಸುತ್ತಿದ ಪೊಟ್ಟಣ ಇಟ್ಟುಕೊಂಡು ಕುಳಿತಿದ್ದರು. ನಾನು ಬಾಗಿಲ ಹತ್ತಿರದ ಕಂಬಕ್ಕೆ ಒರಗಿದ್ದೆ. ಯಾರೂ ಎದ್ದು ಬಾರದಿದ್ದರೆ ಎಲ್ಲರೂ ಮೊದಲು ನೋಡುವುದು ಪಟ್ಟಿ ಟೈಪ್ ಮಾಡಿದವನನ್ನು. ಒಪ್ಪಿಕೊಂಡುಬಿಡುವುದೇ ಸರಿ ಎಂದು ತೀರ್ಮಾನಿಸಿ, ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸಿಕೊಳ್ಳುತ್ತಿದ್ದೆ.

ಪಾದ್ರಿಗಳು ಹೆಸರು ಕರೆದರು. ವಿಮಾನವೊಂದು ಹಾದುಹೋಯಿತು. ಸದ್ದು ಅಡಗಿದಾಗ ನಡುವಿನ ಸಾಲಿನಿಂದ ಐವತ್ತು ದಾಟಿದ, ಎತ್ತರವಾದ, ದಪ್ಪನೆಯ ಹೆಂಗಸೊಬ್ಬರು ಎದ್ದು ನಿಂತಿದ್ದರು.

ಅದು ಅವರದೇ ಹೆಸರು. ನಿಜವಾದ ಹೆಸರು. ಅಷ್ಟು ಸಾಮಾನ್ಯವಾದ ಹೆಸರನ್ನು ಆರಿಸಿಕೊಂಡ ನನ್ನ ಜಾಣತನ ನೋಡಿ. ಅವರು ನಿಧಾನವಾಗಿ ಮುಂದೆ ನಡೆದು ಬಂದರು. ಜನ ಚಪ್ಪಾಳೆ ತಟ್ಟಿದರು. ಕರೆನ್‌ನ ಮಹಿಳೆ ಪೊಟ್ಟಣ ಬಿಚ್ಚಿ, ತಮ್ಮಲ್ಲಿದ್ದ ಎರಡನೆಯ ಕತ್ತರಿಯನ್ನು ಅವರ ಕೈಗಿಟ್ಟು, ಕೆನ್ನೆಗೆ ಕೆನ್ನೆ ತಾಗಿಸಿದರು. ಪಾದ್ರಿಗಳು ಮೈಕು ಕೊಟ್ಟರು.

ಆಕೆ ಕತ್ತರಿಯನ್ನು ಒಮ್ಮೆ ತೆರೆದು ಮುಚ್ಚಿ ನೋಡಿದರು. ಆಮೇಲೆ ಸ್ವಾಹಿಲಿಯಲ್ಲಿ ಶಾಂತವಾಗಿ ಹೇಳಿದರು: "ಅಸಾಂಟೆ, ವಂದನೆಗಳು. ಈ ಕೆಲಸ ನಾನೊಬ್ಬಳೇ ಮಾಡಿದ್ದಲ್ಲ. ನನ್ನ ಪರವಾಗಿ ಇನ್ನೊಬ್ಬರು ಮಾಡಿದ್ದಾರೆ. ಅದು ಯಾರು ಅಂತ ನನಗೇ ಗೊತ್ತಿಲ್ಲ."

ಸಭೆ ಒಟ್ಟಿಗೆ ಆಮೆನ್ ಎಂದಿತು. ಪವಿತ್ರಾತ್ಮನ ವಿಷಯ ಹೇಳುತ್ತಿದ್ದಾರೆಂದು ಎಲ್ಲರೂ ತಿಳಿದರು. ಪಾದ್ರಿಗಳು ಕಣ್ಣು ಒರೆಸಿಕೊಂಡರು.

ಚಹಾದ ಹೊತ್ತಿಗೆ ನಾನು ಕಾರಿನ ಕಡೆ ಜಾರುತ್ತಿದ್ದಾಗ ಹಿಂದಿನಿಂದ ಕರೆ ಬಂತು. "ಮ್ವಾಲಿಮು. ಪಟ್ಟಿ ಟೈಪ್ ಮಾಡೋರು ನೀವೇ ಅಂತೆ." ಆಕೆಯ ಒಂದು ಕೈಯಲ್ಲಿ ಮಂದಾಜಿ ಎಂಬ ಕರಿದ ಸಿಹಿ ಬನ್ನು, ಇನ್ನೊಂದರಲ್ಲಿ ಕತ್ತರಿ. "ನಾನು ಏರ್‌ಪೋರ್ಟಿನಲ್ಲಿ ವಿದೇಶಕ್ಕೆ ಹೋಗೋ ಹೂವಿನ ಕೋಲ್ಡ್ ರೂಮಿನಲ್ಲಿ ಕೆಲಸ ಮಾಡೋದು. ವಾರವಿಡೀ ಗುಲಾಬಿ. ಭಾನುವಾರ ಒಂದು ಹೂವಿನ ಮುಖ ನೋಡೋಕೂ ನನಗಿಷ್ಟ ಇಲ್ಲ. ನಾನು ಆ ಕರೆನ್ ಚರ್ಚನ್ನ ಕಣ್ಣಲ್ಲೂ ನೋಡಿಲ್ಲ." ಮಂದಾಜಿ ಕಚ್ಚಿ, ನನ್ನ ಅಂಗಿಯ ತೋಳಿನ ಮೇಲಿನ ಹಳದಿ ಕಲೆಯ ಕಡೆ ಗದ್ದ ತೋರಿಸಿದರು. "ಲಿಲ್ಲಿಯ ಪುಡಿ. ಆ ಕಲೆ ಹೋಗಲ್ಲ. ಕೋಲ್ಡ್ ರೂಮಿನಲ್ಲಿ ನಮ್ಮೆಲ್ಲರಿಗೂ ಇದೆ."

ನಾನು ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವರು ಮಂದಾಜಿ ಪೂರ್ತಿ ಮುಗಿಸಿ ಬೆರಳು ಒರೆಸಿಕೊಂಡರು.

"ಕಾರ್ಡ್ ಎಷ್ಟಿವೆ?"

"ಐದು. ಒಂದು ಜೆರೇನಿಯಂ ಕೂಡ ಇದೆ."

"ಎಲ್ಲಾ ತಂದುಕೊಡಿ. ಅವು ನನ್ನವು." ನಾನು ತಲೆಯಾಡಿಸಿದೆ. "ಹೂವು ನೀವೇ ಮುಂದುವರಿಸಿ. ಸುಮ್ಮನೆ ಯಾಕೆ ನಿಲ್ಲಿಸೋದು?"

ಅಲ್ಲಿಂದ ನಾವಿಬ್ಬರೂ ಪಾಲುದಾರರಾದೆವು. ದಂಟು ಬಾಗಿದೆ ಎಂದು ತಿರಸ್ಕೃತವಾದ ಗುಲಾಬಿಗಳನ್ನು ಮೇಲಧಿಕಾರಿಯ ಚೀಟಿ ಪಡೆದು ಅವರು ಡಬ್ಬಿ ಡಬ್ಬಿ ಕೊಡತೊಡಗಿದರು. ನಾನು ಕಟ್ಟುತ್ತಿದ್ದೆ. ಹೊಗಳಿಕೆ ನೇರವಾಗಿ ಅವರಿಗೆ ಹೋಗುತ್ತಿತ್ತು. ಅದೇ ಸಾಲದೆಂಬಂತೆ ಸೋಮವಾರ ಬೆಳಿಗ್ಗೆ ಫೋನ್ ಮಾಡಿ ಟೀಕೆ ಬೇರೆ. "ನಿನ್ನೆ ನನ್ನ ಕೆಲಸ ಅಷ್ಟು ಚೆನ್ನಾಗಿರಲಿಲ್ಲ, ಮ್ವಾಲಿಮು. ಎಡಗಡೆ ತೆಳುವಾಗಿತ್ತಂತೆ. ನನ್ನ ಹೆಸರು ಕೆಡಿಸಬೇಡಿ."

ಮುಂದಿನ ವರ್ಷ ಕರೆನ್‌ನ ಮಹಿಳೆಗೆ ಸೊಂಟದ ಆಪರೇಷನ್ ಆಯಿತು. ಆಸ್ಪತ್ರೆಯ ಹಾಸಿಗೆಯಿಂದಲೇ ಅವರು ಹೂವಿನ ಪಟ್ಟಿಯನ್ನು ಎಂಬಕಸಿಯ ಆಕೆಗೆ ಒಪ್ಪಿಸಿದರು. ಆಕೆ ಮೊದಲ ದಿನವೇ ಎರಡು ಬದಲಾವಣೆ ಮಾಡಿದರು. ಮೂರು ಕಡೆಯವರೂ ಅವರವರ ಆರಾಧನೆಯ ಜಾಗದಲ್ಲೇ ಹೂವಿಡಬೇಕು, ಗಂಡಸರೂ ಇಡಬೇಕು. ಪಾದ್ರಿಗಳ ಸರದಿಯಂದು ಒಂದು ಬಾಟಲಿಯಲ್ಲಿ ಮೂರು ಸೂರ್ಯಕಾಂತಿ ನೇರವಾಗಿ ನಿಂತಿದ್ದವು, ಮೂರೂ ಸಭೆಗೆ ಬೆನ್ನು ತಿರುಗಿಸಿ.

ಕರೆನ್ ಚರ್ಚಿನಲ್ಲಿ ಜನ ಕಡಿಮೆಯೆಂದು ನನ್ನ ಹೆಸರನ್ನು ಅಲ್ಲಿಗೂ ಹಾಕಿದ್ದರು. ಕೊನೆಗೂ ನನ್ನದೇ ಹೆಸರಿನಲ್ಲಿ, ಬಾಗಿಲು ಅಗಲವಾಗಿ ತೆರೆದಿಟ್ಟು, ನನ್ನೆಲ್ಲ ವಿದ್ಯೆ ಸುರಿದು ಹಾರ ಕಟ್ಟಿದೆ. ಊರುಗೋಲು ಹಿಡಿದು ಬಂದ ಆ ಇಂಗ್ಲಿಷ್ ಮಹಿಳೆ ನಿಂತು ನೋಡಿದರು. "ಪರವಾಗಿಲ್ಲ," ಎಂದರು. "ಆದರೆ ಆಕೆಯ ಕೈ ನಿಮಗೆ ಬರಲ್ಲ. ಸ್ವಲ್ಪ ಅವರ ಹತ್ತಿರ ಕಲಿತ್ಕೊಳ್ಳಿ."

ನಾನು ಆಗಲಿ ಎಂದೆ. ಅವರಿಗೆ ಇವತ್ತಿನವರೆಗೂ ನಿಜ ಹೇಳಿಲ್ಲ. ಕನ್ನಡ ಓದಲು ಬರುವುದಿಲ್ಲವಾದ್ದರಿಂದ ಈಗಲೂ ತಿಳಿಯುವುದಿಲ್ಲ.

ಕಲಿಯುವ ಏರ್ಪಾಡೂ ಆಯಿತು. ತಿಂಗಳಿಗೊಂದು ಶನಿವಾರ ಎಂಬಕಸಿಯ ಚರ್ಚಿನ ಹಿಂದಿನ ಚಪ್ಪರದಲ್ಲಿ ಹತ್ತಾರು ಹೆಂಗಸರು, ಇಬ್ಬರು ಸೆಕ್ಯೂರಿಟಿ ಗಾರ್ಡುಗಳು, ಕರೆನ್‌ನ ಆ ಮಹಿಳೆ ಸೇರುತ್ತಾರೆ. ಕಲಿಸುವವರು ಎಂಬಕಸಿಯ ಆಕೆ ಎಂದು ಹೆಸರು. ಆಕೆ ಕುರ್ಚಿಯಲ್ಲಿ ಕುಳಿತು, "ಮ್ವಾಲಿಮು, ನಾನು ಹೇಳಿಕೊಟ್ಟಿದ್ದನ್ನ ಇವರಿಗೆ ಒಂದು ಸಲ ಮಾಡಿ ತೋರಿಸಿ" ಎನ್ನುತ್ತಾರೆ. ನಾನು ಬಾಳೆನಾರು ನೆನೆಸಿ, ಎರಡು ಹೂವು ಎದುರುಬದುರು ಇಟ್ಟು, ಗಂಟು ಹಾಕಿ ತೋರಿಸುತ್ತೇನೆ. ಕರೆನ್‌ನ ಮಹಿಳೆಯ ಬೆರಳು ಈಗ ಬೇಗ ಬಗ್ಗುವುದಿಲ್ಲ, ನಾರು ಜಾರುತ್ತದೆ. ಗಾರ್ಡುಗಳಲ್ಲಿ ಒಬ್ಬ ಎಲ್ಲರಿಗಿಂತ ಚೆನ್ನಾಗಿ ಕಟ್ಟುತ್ತಾನೆ. ಹೋದ ಶನಿವಾರ ಕರೆನ್‌ನ ಮಹಿಳೆ ಅವನ ಪಕ್ಕಕ್ಕೆ ಸರಿದು ಕುಳಿತು, ಅವನ ಕೈಯನ್ನೇ ನೋಡುತ್ತ, ಒಂದು ಮೊಳ ಹಾರ ಮುಗಿಸಿದರು.