ಹೆಜ್ಜೇನು ಕೂತ ಛತ್ರದಲ್ಲಿ ಮೀನಾಳ ಮದುವೆ

ಸೊರಬದಿಂದ ಕುಬಟೂರಿನ ಕಡೆಗಿರುವ ಹಳೆಯ ದಾರಿಯಲ್ಲಿ, ಕಾಡಿನ ನಡುವೆ, ಕಲ್ಲುಕಂಬದ ಒಂದು ಛತ್ರವಿದೆ. ಹಿಂದೆ ಗಾಡಿ ಹೊಡೆಯುವವರು ಅಲ್ಲಿ ತಂಗುತ್ತಿದ್ದರಂತೆ. ಈಗ ಅದನ್ನು ನೋಡಿಕೊಳ್ಳುವವರು ಗುತ್ಯಮ್ಮ. ಕುರಿ ಮೇಯಿಸುವಾಗ ಮಳೆ ಬಂದು ಒಳಗೆ ಹೊಕ್ಕವರು, ಆಮೇಲೆ ಗಂಡ ಲೋಕಪ್ಪನವರನ್ನು ಕರೆತಂದು ಒಡೆದ ಹಂಚು ಬದಲಿಸಿದರು, ಬಾವಿಯ ಹೂಳು ತೆಗೆದರು. ಕೊನೆಗೆ ಊರಿನವರೇ ಬೀಗದ ಕೈ ಅವರಿಗೆ ಒಪ್ಪಿಸಿದರು. ಅಂದಿನಿಂದ ಆ ದಾರಿಯಲ್ಲಿ ಯಾರು ಬಂದರೂ ಮಜ್ಜಿಗೆ ಕುಡಿಯದೆ ಮುಂದೆ ಹೋದದ್ದಿಲ್ಲ.

ಮಗಳು ಮೀನಾಳ ಮದುವೆಯನ್ನು ಅಲ್ಲಿಯೇ ಮಾಡಬೇಕೆಂಬುದು ಗುತ್ಯಮ್ಮನ ಹಟ. ವರ ಅಂಜನಾಪುರದ ಶಿವಶಂಕರ. ಮುನ್ನಾದಿನ ಲೋಕಪ್ಪ ಅಂಗಳದ ಚಪ್ಪರಕ್ಕೆ ಮಾವಿನ ಸೊಪ್ಪು ಕಟ್ಟುತ್ತಿದ್ದಾಗ ಕಾಡಿನ ಕಡೆಯಿಂದ ಭೋರೆಂದು ಹೆಜ್ಜೇನು ಬಂತು. ಮುಂಬಾಗಿಲ ಮೇಲಿನ ತೊಲೆಗೆ ಜೋತುಬಿದ್ದು, ನೋಡನೋಡುತ್ತಲೇ ಮೊರದಗಲವಾಯಿತು.

ಸಿದ್ಧತೆ ನೋಡಲು ಬಂದಿದ್ದ ವರನ ಸೋದರಮಾವ ಹುಚ್ಚರಾಯಪ್ಪ ದೂರದಲ್ಲೇ ಬೈಕ್ ನಿಲ್ಲಿಸಿದರು.

"ಬೆಂಕಿ ಹಚ್ಚಿ ಓಡಿಸ್ರಿ. ಆಗಲ್ಲ ಅಂದ್ರೆ ಶಿರಾಳಕೊಪ್ಪದಾಗೆ ಕಲ್ಯಾಣಮಂಟಪ ನೋಡಾಣ."

"ಬ್ಯಾಡ ಬೀಗ್ರೇ," ಎಂದರು ಗುತ್ಯಮ್ಮ. "ಛತ್ರಕ್ಕೆ ಬಂದೋರನ್ನ ನಾನು ಯಾವತ್ತೂ ಎಬ್ಬಿಸಿ ಕಳಿಸಿಲ್ಲ. ಇವೂ ದಾರಿ ಮೇಲೆ ಹೋಗೋವೇ. ದಣಿವಾರಿಸ್ಕೊಂಡು ಹೋಗ್ತಾವೆ."

"ಮಕ್ಕಳು ಮರಿ ಬರ್ತಾರಲ್ರೀ! ಕಚ್ಚಿದ್ರೆ?"

ಆ ಮಾತಿಗೆ ಗುತ್ಯಮ್ಮನ ಮುಖ ಸಣ್ಣದಾಯಿತು. ಹಟಕ್ಕೆ ಬಿದ್ದು ತಪ್ಪು ಮಾಡುತ್ತಿದ್ದೇನೆಯೇ ಎಂದು ಅವರು ಕಟ್ಟೆಯ ಮೇಲೆ ಕೂತುಬಿಟ್ಟರು. ಕೈತುಂಬ ಮದರಂಗಿ ಹಚ್ಚಿಕೊಂಡಿದ್ದ ಮೀನಾ ಪಕ್ಕದಲ್ಲಿ ಬಂದು ಕೂತಳು.

"ಅಮ್ಮಾ, ಹಿಂದೆ ಬಾವಿ ಆಚೆ ಅಷ್ಟು ದೊಡ್ಡ ಬಯಲೈತಲ್ಲ. ಮುಂಬಾಗ್ಲಿಂದ್ಲೇ ಬರಬೇಕಂತ ಏನೈತೆ?"

ಗುತ್ಯಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. ಕತ್ತಲಾಗುವುದರೊಳಗೆ ಚಪ್ಪರ ಬಾವಿಯ ಆಚೆಗೆ ಹೋಯಿತು. ಹೊಗೆ ಛತ್ರದ ಕಡೆ ತಿರುಗದಂತೆ ಗಾಳಿ ನೋಡಿ ಒಲೆ ಹೂಡಿದರು. ಮುಂಬಾಗಿಲ ದಾರಿಗೆ ಮುಳ್ಳು ಎಳೆದು, ಕಾಡಂಚಿನಿಂದ ಸುತ್ತುದಾರಿ ಸವರಿದರು. ನೆಂಟರಿಗೆಲ್ಲ ಫೋನು ಹೋಯಿತು: "ಪಟಾಕಿ ಬ್ಯಾಡ, ಸೆಂಟು ಬ್ಯಾಡ, ಮೈಕು ಬ್ಯಾಡ." ಬ್ಯಾಂಡಿನವರಿಗೆ, ಬರೀ ಉಣ್ಣೋಕೆ ಬರ್ರಿ ಎಂದರು.

ಮರುದಿನ ಗಟ್ಟಿಮೇಳವಿಲ್ಲದೆ ಮೀನಾಳ ಕೊರಳಿಗೆ ತಾಳಿ ಬಿತ್ತು. ಅಕ್ಷತೆ ಹಾಕುವಾಗ ಊರಿನ ಮದುವೆಗಳಲ್ಲಿ ಹಾಡುವ ಬಸಕ್ಕ ಮತ್ತು ಅವರ ಜೊತೆಯ ಹೆಂಗಸರು ಸಣ್ಣ ದನಿಯಲ್ಲಿ ಸೋಬಾನೆ ಎತ್ತಿಕೊಂಡರು. ಯಾವ ಮದುವೆಯಲ್ಲೂ ಮೈಕಿನ ಅಬ್ಬರದಲ್ಲಿ ಮುಳುಗಿಹೋಗುತ್ತಿದ್ದ ಪದಗಳು ಅಂದು ಕೊನೆಯ ಸಾಲಿನವರಿಗೂ ಕೇಳಿದವು. ವರನ ಅಜ್ಜಿ ಕಣ್ಣೊರೆಸಿಕೊಂಡು ತಾವೂ ದನಿ ಸೇರಿಸಿದರು. ಗುತ್ಯಮ್ಮ ಮಾತ್ರ ಹಾಡಲಿಲ್ಲ. ಅತ್ತ ಜೇನಿನ ಕಡೆಗೊಂದು ಕಣ್ಣು, ಇತ್ತ ಓಡಾಡುವ ಮಕ್ಕಳ ಕಡೆಗೊಂದು ಕಣ್ಣು. ಊಟದ ಕೊನೆಯ ಪಂಕ್ತಿ ಎದ್ದ ಮೇಲೆಯೇ ಅವರು ಒಂದು ಲೋಟ ನೀರು ಕುಡಿದದ್ದು. ಯಾರಿಗೂ ಒಂದು ಹುಳವೂ ಕಚ್ಚಿರಲಿಲ್ಲ.

ಮಗಳನ್ನು ಕಳಿಸಿಕೊಟ್ಟ ಮೂರನೆಯ ಬೆಳಿಗ್ಗೆ ತೊಲೆ ಬರಿದಾಗಿತ್ತು. ಗುತ್ಯಮ್ಮ ಮುಳ್ಳು ತೆಗೆದು ಅಂಗಳ ಗುಡಿಸುತ್ತಿದ್ದಾಗ ಹುಚ್ಚರಾಯಪ್ಪನವರ ಫೋನು ಬಂತು.

"ಬೀಗ್ರೇ, ಬರೋ ಮಾಘದಾಗೆ ನಮ್ಮ ಹುಡುಗೀದೂ ಮದ್ವೆ ಐತಿ. ನಿಮ್ಮ ಛತ್ರದಾಗೇ ಮಾಡ್ಬೇಕಂತ ಮನೇಲಿ ಒಂದೇ ಸಮ ಹಟ."

"ಧಾರಾಳ ಬರ್ರಿ," ಎಂದರು ಗುತ್ಯಮ್ಮ. "ಜೇನು ಬರೋದಾದ್ರೆ ಮಾತ್ರ ಚಪ್ಪರ ಹಾಕೋಕೆ ಮುಂಚೇನೇ ಬರ್ಬೇಕು ಮತ್ತೆ. ಅವತ್ತು ಚಪ್ಪರ ಹೊತ್ತ ನಮ್ಮನೆಯವ್ರ ಸೊಂಟ ಇನ್ನೂ ನೆಟ್ಟಗಾಗಿಲ್ಲ."