ಆರನೆಯ ನೀಲಿ ಚೂರು

ಆ ಬೀದಿಯವರೆಲ್ಲ ಅವಳನ್ನು ಅರ್ಧ ಇಂಚಜ್ಜಿ ಎನ್ನುತ್ತಿದ್ದರು, ಆದರೆ ಬೆನ್ನ ಹಿಂದೆ. ಎದುರಿಗೇ ಹಾಗೆ ಕರೆದು ದಕ್ಕಿಸಿಕೊಂಡವಳು ಮೊಮ್ಮಗಳು ಒಬ್ಬಳೇ. ಶಾಲೆಯ ಸಮವಸ್ತ್ರವಿರಲಿ, ಆಸ್ಪತ್ರೆಯ ಬಿಳಿ ಕೋಟಿರಲಿ, ಅಜ್ಜಿಯ ಮಿಷನ್ನಿನಿಂದ ಎದ್ದ ಬಟ್ಟೆಯ ಒಳಗೆ ಅರ್ಧ ಇಂಚು ಹೆಚ್ಚಿಗೆ ಮಡಚಿಟ್ಟಿರುತ್ತಿತ್ತು. "ಮೈ ಅಂದ್ಮೇಲೆ ಹೆಚ್ಚುಕಮ್ಮಿ ಆಗೋದೇ. ನಾಳೆ ಬಿಚ್ಚಿ ಬಿಡೋಕೆ ಒಂಚೂರು ಇರ್ಲಿ," ಎನ್ನುವಳು.

ಹೊಲಿಗೆ ಕಲಿತದ್ದು ಗಂಡನ ಪಕ್ಕ ಕೂತು. ಅವನು ಕತ್ತರಿಸುವನು, ಇವಳು ಕಾಜ ಮಾಡಿ ಗುಂಡಿ ಹಾಕುವಳು. ಮದುವೆಯಾದ ಹೊಸದರಲ್ಲಿ ಒಂದು ದಿನ ಅವನು ಊಟಕ್ಕೆ ಎದ್ದಾಗ, ತಾನೂ ಒಂದು ಕೈ ನೋಡೇಬಿಡೋಣ ಎಂದು ಗಿರಾಕಿಯ ಕೋಟಿನ ಬಟ್ಟೆಗೆ ಕತ್ತರಿ ಹಾಕಿದಳು. ಎದೆ ಬಂತು, ಬೆನ್ನು ಬಂತು, ಒಂದು ತೋಳು ಬಂತು. ಎರಡನೆಯ ತೋಳಿಗೆ ಬಟ್ಟೆಯೇ ಉಳಿದಿರಲಿಲ್ಲ. ಗಂಡ ಬಂದು ಒಂದೊಂದೇ ತುಂಡು ಎತ್ತಿ ನೋಡಿದ. "ನಿಮಗೆ ಒಂದು ಕೈ ಸಾಕು ಅಂತ ಗಿರಾಕಿಗೆ ಹೇಳ್ಬಿಡೋಣ್ವಾ?" ಎಂದ. ಬೈದಿದ್ದರೆ ಎಂದೋ ಮರೆಯುತ್ತಿದ್ದಳೇನೋ. ಅಂದಿನಿಂದ ಪ್ರತಿ ಭಾಗವನ್ನೂ ಮೊದಲು ಕಾಗದದಲ್ಲಿ ಕತ್ತರಿಸಿ, ಎಲ್ಲವನ್ನೂ ಬಟ್ಟೆಯ ಮೇಲೆ ಹರಡಿ, ಕಾಲರಿನ ಪಟ್ಟಿಗೂ ಜಾಗ ಸಿಕ್ಕ ಮೇಲೆಯೇ ಕತ್ತರಿ ಮುಟ್ಟುವುದು ಅವಳ ಪದ್ಧತಿಯಾಯಿತು. ಗಂಡ ಹೋಗಿ ಹನ್ನೊಂದು ವರ್ಷವಾದರೂ ಅದು ತಪ್ಪಲಿಲ್ಲ.

ಮಗಳು ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಅವಳ ಪಾಳಿ ವಾರಕ್ಕೊಂದು ಥರ. ಹಾಗಾಗಿ ಮೊಮ್ಮಗಳ ಶಾಲೆಯ ಕಾಗದಗಳಿಗೆಲ್ಲ ಸಹಿ ಅಜ್ಜಿಯದೇ. ಓದು ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಬರುವಷ್ಟು. ಒತ್ತಕ್ಷರ ಎದುರಾದರೆ ಅಲ್ಲೇ ನಿಂತು, ಉಸಿರು ತೆಗೆದುಕೊಂಡು, ಮುಂದೆ ಹೋಗುವಳು.

ಮೊಮ್ಮಗಳು ಹೈಸ್ಕೂಲಿಗೆ ಸೇರಿದಾಗ ಬಂದ ಮೊದಲ ಕಾಗದದಲ್ಲೇ ಅಂಥ ಒಂದು ಪದ ಎದುರಾಗಿತ್ತು: ಐಚ್ಛಿಕ. ಅಲ್ಲಿ ಹೈಸ್ಕೂಲು ನಾಲ್ಕು ವರ್ಷ, ದಿನಕ್ಕೆ ಆರು ಪೀರಿಯಡ್ಡು. ನಾಲ್ಕಕ್ಕೆ ಕಡ್ಡಾಯ ವಿಷಯ, ಉಳಿದೆರಡಕ್ಕೆ ಐಚ್ಛಿಕ. "ಇಚ್ಛೆ ಅಂತ ತಾನೇ ಇರೋದು," ಎಂದು ಅಜ್ಜಿ ತೀರ್ಪು ಕೊಟ್ಟಿದ್ದಳು. "ಇಚ್ಛೆ ಇದ್ರೆ ಬರಿ, ಇಲ್ದಿದ್ರೆ ಬಿಡು." ಹುಡುಗಿಗೆ ಚಿತ್ರಕಲೆಯ ಮೇಲೆ ಇಚ್ಛೆಯಿತ್ತು, ಬರೆದಳು. ಇನ್ನೊಂದನ್ನು ಖಾಲಿ ಬಿಟ್ಟಳು. ಎರಡನೆಯ ವರ್ಷವೂ ಕಂಪ್ಯೂಟರ್ ಒಂದನ್ನು ಬರೆದು ಇನ್ನೊಂದನ್ನು ಬಿಟ್ಟಳು. ಯಾರೂ ಏನೂ ಕೇಳಲಿಲ್ಲ. ಕೊನೆಯ ಪೀರಿಯಡ್ಡು ಇಲ್ಲದ್ದರಿಂದ ನಾಲ್ಕಕ್ಕೆಲ್ಲ ಮನೆಗೆ ಬಂದು, ಚೀಲ ಎಸೆದು, ಅಜ್ಜಿಯ ಸೂಜಿಗಳಿಗೆ ದಾರ ಪೋಣಿಸಿ ಕೊಡುವಳು. ಅಜ್ಜಿಯ ಕಣ್ಣಿಗೆ ಬಟ್ಟೆ ಕಾಣುತ್ತಿತ್ತು, ಹೊಲಿಗೆ ಕಾಣುತ್ತಿತ್ತು, ಸೂಜಿಯ ಕಣ್ಣು ಮಾತ್ರ ಕಾಣುತ್ತಿರಲಿಲ್ಲ.

ಮೂರನೆಯ ವರ್ಷದ ಕಾಗದ ಬಂದ ದಿನ ಅಜ್ಜಿ ಕತ್ತರಿಸುವ ಮೇಜಿನ ಮುಂದೆ ನಿಂತಿದ್ದಳು.

"ಅಜ್ಜಿ, ಇಲ್ಲೊಂದು ಸಹಿ."

"ಏನೇನು ಬರೆದಿದ್ದೀಯ?"

"ಮೂರನೇ ವರ್ಷದ್ದು. ಕಡ್ಡಾಯ ನಾಲ್ಕು, ಆಮೇಲೆ ಮರಗೆಲಸ."

"ನಾಲ್ಕನೇ ವರ್ಷದ್ದು?"

"ಅದನ್ನ ಮುಂದಿನ ವರ್ಷ ಕೇಳ್ತಾರೆ ಅಜ್ಜಿ. ಈಗ ಇಷ್ಟೇ."

"ತೋಳು ಈಗ ಕತ್ತರಿಸಿ, ಕಾಲರಿಗೆ ಮುಂದಿನ ವರ್ಷ ಬಟ್ಟೆ ಹುಡುಕ್ತೀಯಾ? ಎಲ್ಲ ಹರಡು."

"ಶಾಲೆ ಕೋಟಲ್ಲ ಅಜ್ಜಿ."

"ನಿನಗೆ ಆಮೇಲೆ ಅದೇನೋ ನೆಲ ಅಳೆಯೋ ಕಾಲೇಜಿಗೆ ಹೋಗ್ಬೇಕು ತಾನೇ? ಹಾಗಾದ್ರೆ ಹರಡು."

ಹುಡುಗಿಗೆ ಭೂಮಾಪನದ ತರಬೇತಿಗೆ ಸೇರುವ ಆಸೆ ಹತ್ತಿ ವರ್ಷವಾಗಿತ್ತು. "ಅಜ್ಜಿ ಮೈ ಅಳೀತಾಳೆ, ನಾನು ನೆಲ ಅಳೀತೀನಿ. ನೆಲ ದಪ್ಪ ಆಗಲ್ಲ, ಅರ್ಧ ಇಂಚು ಬಿಡೋ ಗೋಜಿಲ್ಲ," ಎಂದು ಗೆಳತಿಯರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. ಅಲ್ಲಿಗೆ ಹೋಗಬೇಕಾದರೆ ಹೈಸ್ಕೂಲು ನಾಲ್ಕೇ ವರ್ಷಕ್ಕೆ ಮುಗಿದಿರಬೇಕು. ಐದನೆಯ ವರ್ಷ ಹಿಡಿದವರನ್ನು ಅಲ್ಲಿ ತೆಗೆದುಕೊಳ್ಳುತ್ತಿರಲಿಲ್ಲ.

ಕಾಗದದ ಹಿಂಬದಿಯಲ್ಲಿ, ಶಾಲೆ ಮುಗಿಸಲು ಏನೇನು ಬೇಕು ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಹುಡುಗಿ ಓದಿದಳು: ಕಡ್ಡಾಯ ಹದಿನಾರು, ಐಚ್ಛಿಕ ಆರು. ಅಜ್ಜಿ ಕಾಗದದಲ್ಲಿ ಹದಿನಾರು ಬಿಳಿ ಚೂರು, ಆರು ನೀಲಿ ಚೂರು ಕತ್ತರಿಸಿದಳು. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಎಳೆದಳು, ವರ್ಷಕ್ಕೊಂದು. ಬಿಳಿಯವು ಸಾಲಿಗೆ ನಾಲ್ಕರಂತೆ ಸಲೀಸಾಗಿ ಕೂತವು. ನೀಲಿಯಲ್ಲಿ ಚಿತ್ರಕಲೆ ಒಂದು, ಕಂಪ್ಯೂಟರ್ ಒಂದು, ಮರಗೆಲಸ ಒಂದು. ಕೊನೆಯ ವರ್ಷಕ್ಕೆ ಎರಡು ಇಟ್ಟರೂ ಒಂದು ನೀಲಿ ಚೂರು ಅಜ್ಜಿಯ ಕೈಯಲ್ಲೇ ಉಳಿಯಿತು.

"ಇದೆಲ್ಲಿಗೆ?"

"ಅದು ಐಚ್ಛಿಕ ಅಲ್ವಾ? ಬಿಟ್ರೂ ನಡೆಯುತ್ತೆ. ನೀನೇ ಹೇಳಿದ್ದೆ."

ಅಜ್ಜಿ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಬಿಟ್ರೂ ನಡೆಯೋದಾದ್ರೆ ಆರು ಅಂತ ಎಣಿಸಿ ಯಾಕೆ ಬರೆದ್ರು?"

ಹುಡುಗಿ ಕಾಗದದ ಹಿಂಬದಿಯನ್ನು ಮತ್ತೊಮ್ಮೆ ಓದಿದಳು. ಅಜ್ಜಿ ಸಹಿ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಮಿಷನ್ನಿಗೆ ಬಟ್ಟೆ ಹೊದಿಸಿ, ನೀಲಿ ಚೂರನ್ನು ಕೈಚೀಲದಲ್ಲಿಟ್ಟುಕೊಂಡು ಮೊಮ್ಮಗಳ ಜೊತೆ ಶಾಲೆಗೆ ನಡೆದಳು. ವಿಷಯ ಆರಿಸಿಕೊಳ್ಳಲು ಮಕ್ಕಳಿಗೆ ಸಲಹೆ ಕೊಡುವ ಟೀಚರ ಕೋಣೆ ಮೆಟ್ಟಿಲ ಕೆಳಗಿತ್ತು. ಗೋಡೆಯ ತುಂಬ ವೇಳಾಪಟ್ಟಿ, ಕಿಟಕಿಯ ಹತ್ತಿರ ಒಂದೇ ಕುರ್ಚಿ. ಟೀಚರು ಎದ್ದು ಅದನ್ನು ಅಜ್ಜಿಗೆ ಕೊಟ್ಟು ತಾವು ಮೇಜಿಗೆ ಒರಗಿ ನಿಂತರು.

"ಟೀಚರಮ್ಮ, ಐಚ್ಛಿಕ ಅಂದ್ರೆ ಇಚ್ಛೆ ಇದ್ರೆ ತಗೊಳ್ಳೋದು ಅಂತ ನಾನು ತಿಳ್ಕೊಂಡಿದ್ದೆ."

"ತುಂಬ ಜನ ಹಾಗೇ ತಿಳ್ಕೊಳ್ತಾರೆ ಅಜ್ಜಿ. ಯಾವುದನ್ನ ತಗೋಬೇಕು ಅನ್ನೋದು ನಿಮ್ಮಿಷ್ಟ. ಆದ್ರೆ ಆರು ತಗೊಳ್ಳೇಬೇಕು."

ಅಜ್ಜಿ ಕೈಚೀಲದ ಗುಂಡಿಯನ್ನು ಬೆರಳಲ್ಲಿ ತಿರುಗಿಸಿದಳು. "ಗುಂಡಿ ಯಾವ ಬಣ್ಣದ್ದು ಅನ್ನೋದು ಗಿರಾಕಿ ಇಷ್ಟ. ಗುಂಡಿನೇ ಬೇಡ ಅನ್ನೋ ಹಾಗಿಲ್ಲ. ಅಷ್ಟೇ ತಾನೇ?"

"ಇಷ್ಟು ಚೆನ್ನಾಗಿ ನಾನೂ ಯಾರಿಗೂ ಹೇಳಿಲ್ಲ," ಎಂದು ಟೀಚರು ನಕ್ಕರು.

ಅಜ್ಜಿ ನಗಲಿಲ್ಲ. "ಎರಡು ವರ್ಷ ಒಂದೊಂದು ಬಿಟ್ಟಿದ್ದೀವಲ್ಲ, ಅದು?"

ಟೀಚರು ಕಡತ ತೆಗೆದು ಲೆಕ್ಕ ಹಾಕಿದರು. ನಾಲ್ಕು ವರ್ಷಕ್ಕೆ ಐಚ್ಛಿಕದ ಜಾಗ ಎಂಟು, ಬೇಕಾದದ್ದು ಆರು. ಎರಡು ಹೆಚ್ಚಿಗೆ ಇದ್ದವು. ಆ ಎರಡೂ ಆಗಲೇ ಖರ್ಚಾಗಿದ್ದವು. "ಇನ್ಮೇಲೆ ಒಂದೂ ಬಿಡೋ ಹಾಗಿಲ್ಲ. ಒಂದು ಬಿಟ್ರೂ ಆ ಒಂದು ವಿಷಯಕ್ಕೋಸ್ಕರ ಇನ್ನೊಂದು ವರ್ಷ ಕೂರ್ಬೇಕಾಗುತ್ತೆ."

ಊರವರ ಬಟ್ಟೆಗೆಲ್ಲ ಅರ್ಧ ಇಂಚು ಬಿಟ್ಟವಳು ಮನೆಯ ಹುಡುಗಿಯದನ್ನು ತನ್ನ ಕೈಯಾರೆ ಕತ್ತರಿಸಿ ಹಾಕಿದ್ದಳು. "ತಪ್ಪು ನನ್ನದು," ಎಂದಳು ಮೊಮ್ಮಗಳ ಕಡೆ ನೋಡದೆ.

"ತಪ್ಪೇನೂ ಆಗಿಲ್ಲ ಅಜ್ಜಿ, ಸರಿಯಾದ ಹೊತ್ತಿಗೆ ಬಂದಿದ್ದೀರಿ. ಕೊನೇ ಪೀರಿಯಡ್ಡಿಗೆ ಒಂದು ಬರೆದುಬಿಡಿ. ಏನು ಬರೀತೀಯಮ್ಮ?"

"ಯಾವುದೂ ಇಷ್ಟ ಇಲ್ಲ," ಎಂದಳು ಹುಡುಗಿ ನೆಲ ನೋಡುತ್ತ.

ಅಜ್ಜಿ ಕಾಗದ ಕೈಗೆತ್ತಿಕೊಂಡು ಖಾಲಿ ಜಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಬಟ್ಟೆಯ ಮೇಲಿನ ಅಳಿಸಿದ ಗುರುತನ್ನು ಕಣ್ಣಿಗಿಂತ ಮೊದಲು ಬೆರಳಲ್ಲೇ ಹಿಡಿಯುವವಳು ಅವಳು. "ಇಲ್ಲೇನೋ ಬರೆದು ಒರೆಸಿದ್ದೀಯ. ಟೀಚರಮ್ಮ, ಸ್ವಲ್ಪ ಬೆಳಕಿಗೆ ಹಿಡೀರಿ."

ಟೀಚರು ಕಿಟಕಿಗೆ ಹಿಡಿದು ಓದಿದರು. "ನಕ್ಷೆ ಬಿಡಿಸುವುದು."

"ನೆಲ ಅಳೆಯೋಳಿಗೆ ನಕ್ಷೆ ಮೇಲೆ ಇಷ್ಟ ಇಲ್ವೇನೇ?"

ಹುಡುಗಿಯ ಕಿವಿ ಕೆಂಪಾಯಿತು. "ಅದು ಮುಗಿಯೋದು ನಾಲ್ಕೂವರೆಗೆ. ಮನೆಗೆ ಬರೋಷ್ಟರಲ್ಲಿ ಐದು. ಅಲ್ಲಿವರೆಗೆ ಸೂಜಿಗೆ ದಾರ ಯಾರು ಹಾಕ್ತಾರೆ? ನೀನಂತೂ ಯಾರನ್ನೂ ಕೇಳಲ್ಲ."

ಟೀಚರು ನೆಟ್ಟಗೇ ಇದ್ದ ವೇಳಾಪಟ್ಟಿಯೊಂದನ್ನು ಗೋಡೆಗೆ ಒತ್ತಿ ಸರಿಮಾಡಿದರು. ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಎರಡು ವರ್ಷ ಖಾಲಿ ಬಿಟ್ಟಿದ್ದೂ ಇದಕ್ಕೇನಾ?"

"ಮೊದಲ್ನೇ ವರ್ಷ ನೀನು ಹೇಳಿದ್ದಕ್ಕೆ. ಎರಡನೇದು ಇದಕ್ಕೆ."

"ಹುಚ್ಚುಕೋತಿ," ಎಂದಳು ಅಜ್ಜಿ. ಅವಳ ಬಾಯಲ್ಲಿ ಅದಕ್ಕಿಂತ ಮುದ್ದಿನ ಮಾತು ಇನ್ನೊಂದಿರಲಿಲ್ಲ. "ನಿನ್ನ ನಾಲ್ಕು ವರ್ಷನ ನನ್ನ ಸೂಜಿ ಕಣ್ಣಲ್ಲಿ ತೂರಿಸ್ತೀಯಾ? ಬರಿ."

"ಮತ್ತೆ ದಾರ?"

"ದಾರದ ವಿಚಾರ ಮನೇಲಿ. ಟೀಚರಮ್ಮನ ಮುಂದೆ ಏನದು? ಬರಿ."

ಹುಡುಗಿ ಅಳಿಸಿದ ಗುರುತಿನ ಮೇಲೇ, ಈ ಸಲ ಪೆನ್ನಿನಲ್ಲಿ, ಬರೆದಳು. ಅಜ್ಜಿ ಹೆಸರಿನ ಒಂದೊಂದು ಅಕ್ಷರವನ್ನೂ ಕಾಜ ಸುತ್ತುವ ಹಾಗೆ ನಿಧಾನವಾಗಿ ಸುತ್ತಿ ಸಹಿ ಹಾಕಿದಳು. ಕೋಣೆ ಬಿಡುವ ಮೊದಲು ನೀಲಿ ಚೂರನ್ನು ಚೀಲದಿಂದ ತೆಗೆದು ಟೀಚರಿಗೆ ಕೊಟ್ಟಳು. "ಇದು ಆರನೇದು. ಈಗ ಕೂತ್ಕೊಂತು. ನಿಮ್ಮ ಹತ್ರ ಇರ್ಲಿ."

ದಾರದ ವಿಚಾರ ಅಂದು ಸಂಜೆ ಇಬ್ಬರೂ ಕೂತು ತೀರ್ಮಾನಿಸಿದರು. ಅಜ್ಜಿ ಹಳೆಯ ಕೋಟಿನ ತೋಳೊಂದರಲ್ಲಿ ಹತ್ತಿ ತುಂಬಿ ಉದ್ದನೆಯ ಸೂಜಿದಿಂಬು ಹೊಲಿದಳು. ದಿನಕ್ಕೆ ಎಷ್ಟು ಸೂಜಿ ಬೇಕು ಎಂದು ಹುಡುಗಿ ಕೇಳಿದಳು. ಅಜ್ಜಿ ಬೆರಳು ಮಡಚಿ ಎಣಿಸಿದಳು: ಕಾಜಕ್ಕೆ ಆರು, ಗುಂಡಿಗೆ ಐದು, ಅಂಚು ಮಡಚಲು ಮೂರು. ಹದಿನಾಲ್ಕು.

ಹೊಸ ವರ್ಷದ ತರಗತಿ ಶುರುವಾದ ದಿನ ಹುಡುಗಿ ಬೆಳಿಗ್ಗೆ ಬೇಗ ಎದ್ದು ಕಿಟಕಿಯ ಹತ್ತಿರ ಕೂತು ಸೂಜಿಗಳಿಗೆ ದಾರ ಪೋಣಿಸಿದಳು. ಬಣ್ಣಕ್ಕೊಂದು ಸಾಲು ಮಾಡಿ, ದಾರವನ್ನು ಸೂಜಿಗೇ ಸುತ್ತಿ, ದಿಂಬಿಗೆ ಚುಚ್ಚಿಟ್ಟು ಓಡಿದಳು. ಅಜ್ಜಿ ಮಿಷನ್ನಿನ ಮುಂದೆ ಕೂತು, ಅಭ್ಯಾಸದಂತೆ, ಮೊದಲು ಎಣಿಸಿದಳು. ಹದಿನೈದಿದ್ದವು. ತಪ್ಪಿರಬೇಕೆಂದು ಮತ್ತೆ ಬೆರಳಾಡಿಸಿ ಎಣಿಸಿದಳು. ಹದಿನೈದೇ.

ಕೊನೆಯ ಸೂಜಿಯ ಕೆಳಗೆ, ಮನೆಯಲ್ಲುಳಿದ ಐದರಲ್ಲಿ ಒಂದು ನೀಲಿ ಚೂರು ಸಿಕ್ಕಿಸಿಟ್ಟಿತ್ತು. ಅದರ ಮೇಲೆ ಒತ್ತಕ್ಷರವಿಲ್ಲದ ಒಂದೇ ಪದ: ಇರಲಿ.