ಉದ್ದನೆ ಲೆನ್ಸಿನಲ್ಲಿ ಸಿಕ್ಕಿದ ಮುಖ

ಚೀಲದ ಜಿಪ್ಪು ಎಳೆದ ಕೂಡಲೇ ಕರ್ಪೂರದ ವಾಸನೆ ಬಂತು. ದೇವರ ಮನೆಯ ಕರ್ಪೂರದಂತಲ್ಲ. ಹೊಸ ರಬ್ಬರಿನ ಜೊತೆ ಬೆರೆತು ಗಂಟಲಿಗೆ ತಣ್ಣಗೆ ತಾಗುವಂಥದ್ದು. ಗಾಜಿಗೆ ಬೂಷ್ಟು ಹಿಡಿಯಬಾರದೆಂದು ಅಂಗಡಿಯವರು ಒಂದು ಬಿಲ್ಲೆ ಹಾಕಿಟ್ಟಿದ್ದರಂತೆ. ಸ್ಟುಡಿಯೋ ಅಣ್ಣನೂ ಹಾಗೇ ಹಾಕಿಡುತ್ತಿದ್ದರು...

ಮೊಮ್ಮಗಳು ಮಳವಳ್ಳಿಯ ಮನೆಯಲ್ಲಿ ಚಾಪೆ ಹಾಸಿ, ಮಂಡ್ಯದಿಂದ ಎರಡು ದಿನಕ್ಕೆ ಬಾಡಿಗೆಗೆ ತಂದಿದ್ದ ಎರಡು ಲೆನ್ಸುಗಳನ್ನು ಕೂಸುಗಳಂತೆ ಮಲಗಿಸಿದಳು. ಒಂದು ಮೋಟು, ಅಗಲಕ್ಕೆ ಹಿಡಿಯುವುದು. ಒಂದು ಉದ್ದ, ದೂರದ್ದನ್ನು ಹಿಡಿಯುವುದು. ಕ್ಯಾಮೆರಾದ ಜೊತೆಗೇ ಬಂದದ್ದೊಂದು ಅವಳ ಹತ್ತಿರ ಇದೆ. ಇನ್ನೊಂದು ಕೊಳ್ಳಬೇಕು, ಯಾವುದೆಂದು ನೋಡಬೇಕು. ನನಗೋ ಹಿಡಿಸಲಾರದ ಸಂತೋಷ. ಹುಡುಗಿ ಮದುವೆ ಫೋಟೋದ ಮೊದಲನೇ ಆರ್ಡರು ಹಿಡಿದಿದ್ದಾಳೆ! ನಮ್ಮ ಮನೆತನದ ಹೆಣ್ಣೊಬ್ಬಳು ತುಂಬಿದ ಛತ್ರದ ನಡುವೆ ನಿಂತು "ಎಲ್ಲಾರೂ ನನ್ ಕಡೆ ನೋಡಿ" ಅಂತ ಗದರುವುದೆಂದರೆ ಸುಮ್ಮನೆಯೇ? ಬೀದಿಯವರಿಗೆಲ್ಲ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಆ ಸಂತೋಷದ ಮಧ್ಯದಲ್ಲೇ ಈ ಕರ್ಪೂರ ಬಂದು ಕೂತಿತು.

ಮದ್ದೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಎದುರಿಗೇ ಸ್ಟುಡಿಯೋ ಅಣ್ಣನ ಅಂಗಡಿ. ನನ್ನ ಯಜಮಾನರು ತೀರಿಕೊಂಡಾಗ ಮಗಳಿಗೆ ಏಳು ವರ್ಷ. ನಾನು ಗೆಜ್ಜಲಗೆರೆಯ ಫ್ಯಾಕ್ಟರಿಗೆ ಬೆಳಗಿನ ಬಸ್ಸು ಹಿಡಿದರೆ ತಿರುಗಿ ಬರುವುದು ಸಂಜೆಗೆ. ಸ್ಕೂಲು ಬಿಟ್ಟ ಮಗಳು ಅಲ್ಲಿಯವರೆಗೆ ಅವರ ಬೆಂಚಿನ ಮೇಲೆ ಕೂತು ಮಗ್ಗಿ ಬರೆಯುತ್ತಿದ್ದಳು. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಅವಳನ್ನು ಮಗು, ಮಗು ಅಂತಲೇ ಕರೆದು ಬೆಳೆಸಿದರು. ಅವಳ ಬಾಯಲ್ಲಿ ಅವರು ಮಾವ.

ಮಗಳ ಮದುವೆ ಗೊತ್ತಾದ ವರ್ಷವೇ ಅವರು ರೀಲಿನ ಕ್ಯಾಮೆರಾ ಬಿಟ್ಟು ಡಿಜಿಟಲ್ ತಂದರು. ಅದಕ್ಕೆ ಇನ್ನೊಂದು ಲೆನ್ಸು ಬೇಕು, ಯಾವುದು? ಟೀ ಅಂಗಡಿಯಲ್ಲಿ ವಾರವೆಲ್ಲ ಅದೇ ಪಂಚಾಯ್ತಿ. ಅಗಲದ್ದೇ ಆಗಲಿ ಎಂದರು ಎಲ್ಲರೂ. ಗ್ರೂಪ್ ಫೋಟೋದಲ್ಲಿ ಒಬ್ಬ ಷಡ್ಡಕ ತಪ್ಪಿಹೋದರೂ ನಮ್ಮ ಕಡೆ ಮದುವೆ ಮನೆ ರಣರಂಗವಾಗುತ್ತದೆ. ಇವರು ನೋಡಿದರೆ ಮೊಳದುದ್ದದ್ದೊಂದನ್ನು ತಂದಿಟ್ಟರು.

"ಏನ್ಲಾ ಇದು, ಮದ್ವೆ ಮನೇಗೆ ದುರ್ಬೀನು? ಕನ್ನಂಬಾಡಿ ಕಟ್ಟೆ ಕಾಣ್ತದಾ ನೋಡ್ಲಾ" ಎಂದು ಟೀ ಅಂಗಡಿಯವನು ರೇಗಿಸಿದ.

"ನಿನ್ ಮೀಸೇಗೆ ಅಂಟಿರೋ ವಡೆ ಚೂರು ಕಾಣ್ತಾ ಅದೆ. ಮೊದ್ಲು ಒರಸ್ಕೊ" ಎಂದರು ಇವರು.

ನನಗೆ ಮಾತ್ರ ಬಿಡಿಸಿ ಹೇಳಿದರು. ಅಗಲದ ಲೆನ್ಸು ಎಲ್ಲರನ್ನೂ ಒಳಗೆ ಸೇರಿಸುತ್ತದೆ, ಆದರೆ ಅಂಚಿನಲ್ಲಿ ನಿಂತವರ ಮುಖವನ್ನು ಎಳೆದು ಕೆಡಿಸುತ್ತದೆ. ಉದ್ದದ್ದು ಒಬ್ಬರನ್ನೇ ಹಿಡಿಯುತ್ತದೆ, ಅವರು ಎಷ್ಟು ದೂರದಲ್ಲಿದ್ದರೂ. "ಮದ್ವೆ ಮನೇಲಿ ಹತ್ರಕ್ಕೇ ಬರ್ದಿರೋ ಜನವ ಬಾಳ ನೋಡಿವ್ನಿ ಕಣಕ್ಕ" ಎಂದರು. ಆಗ ನನ್ನ ತಲೆಗೆ ಹತ್ತಲಿಲ್ಲ.

ಧಾರೆಯ ಹೊತ್ತಿಗೆ ನಾನು ಛತ್ರದ ಅಡುಗೆಮನೆ ಬಾಗಿಲಲ್ಲಿದ್ದೆ. ಗಂಡನಿಲ್ಲದವಳು ಮಂಟಪದ ಹತ್ತಿರ ಸುಳಿಯಬಾರದು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೇ ಹೋಗಿ ನಿಂತಿದ್ದೆ. ಗ್ರೂಪ್ ಫೋಟೋಗೂ ಮಂಟಪ ಹತ್ತಲಿಲ್ಲ. ಭಾವನವರು, ಅವರ ಹೆಂಡತಿ ಧಾರೆ ಎರೆದರು. ಗಟ್ಟಿಮೇಳ ಬಾರಿಸಿದಾಗ ಛತ್ರಕ್ಕೆ ಛತ್ರವೇ ಅಕ್ಷತೆ ಎರಚಿತು. ನನ್ನ ಮುಷ್ಟಿಯಲ್ಲೂ ಒಂದಿಷ್ಟಿತ್ತು, ಯಾವಾಗ ತೆಗೆದುಕೊಂಡಿದ್ದೆನೋ... ಕೈ ತಾನಾಗಿ ಮೇಲೆದ್ದಿತು. ಅಷ್ಟು ದೂರದಿಂದ ಮಗಳ ತಲೆ ಎಲ್ಲಿ ಮುಟ್ಟಬೇಕು? ನನ್ನ ಕಾಲ ಬುಡದಲ್ಲೇ ಉದುರಿತು. ಯಾರೂ ನೋಡಲಿಲ್ಲ ಎಂದುಕೊಂಡೆ.

ವಾರ ಕಳೆದ ಮೇಲೆ ಆಲ್ಬಮ್ಮಿಗೆ ಹಾಕುವ ಫೋಟೋ ಆರಿಸಲು ನನ್ನನ್ನು ಕರೆದರು. ಕಂಪ್ಯೂಟರಿನಲ್ಲಿ ಒಂದೊಂದೇ ಸರಿಸುತ್ತ ಬಂದವರು ಒಂದರಲ್ಲಿ ನಿಲ್ಲಿಸಿದರು. ನಾನು! ಎತ್ತಿದ ಕೈ, ಗಾಳಿಯಲ್ಲಿ ನಿಂತ ಅಕ್ಕಿಕಾಳು, ಅದರ ಹಿಂದೆ ನನ್ನ ಮುಖ. ನಗುತ್ತಿದ್ದೆನೋ ಅಳುತ್ತಿದ್ದೆನೋ... ನಾನು ಅಷ್ಟು ಚೆನ್ನಾಗಿದ್ದೇನೆಂದು ನನಗೇ ಗೊತ್ತಿರಲಿಲ್ಲ.

ಮರುಗಳಿಗೆಗೆ ಮಗಳ ಗಂಡನ ಮನೆ ನೆನಪಾಯಿತು. ಬೀಗರ ಮನೆಯ ಹಿರಿಯಮ್ಮ ಶಾಸ್ತ್ರಕ್ಕೆ ಬಲು ಗಟ್ಟಿ. ಮುಹೂರ್ತದಲ್ಲಿ ನಾನು ಅಕ್ಷತೆ ಹಾಕಿದ್ದು ಅವರ ಕಣ್ಣಿಗೆ ಬಿದ್ದರೆ, ನಾಳೆ ಆ ಮನೆಯ ಎಮ್ಮೆ ಹಾಲು ಬತ್ತಿದರೂ ಅದು ನನ್ನ ಮಗಳ ತಲೆಗೇ.

"ಅಳಿಸ್ಬುಡಣ್ಣ. ಈಗ್ಲೇ, ನನ್ ಮುಂದೇನೇ" ಎಂದೆ.

"ಎಲ್ಲಾರ ಉಂಟಾ ಕಣಕ್ಕ? ಆ ಲೆನ್ಸು ತಂದಿದ್ದೂ ಸಾರ್ಥಕ ಆಯ್ತು ಅನ್ಕಂಡಿದ್ನಲ್ಲ ನಾನು."

"ನನ್ ಮಗ್ಳ ಬಾಳಾಟದ್ ಮಾತು ಕಣಣ್ಣ. ನಿನ್ ಕಾಲ್ ಇಡ್ಕತೀನಿ. ಅವ್ಳಿಗೂ ಯೋಳ್ಬ್ಯಾಡ, ಯಾರ್ಗೂ ಯೋಳ್ಬ್ಯಾಡ."

ಅವರು ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕೂತಿದ್ದರು. ಆಮೇಲೆ ಒಂದು ಗುಂಡಿ ಒತ್ತಿದರು. ಕ್ಯಾಮೆರಾದ ಕಾರ್ಡಿನಿಂದಲೂ ತೆಗೆದು ತೋರಿಸಿದರು. ರೀಲಿನ ಕಾಲವಾಗಿದ್ದರೆ ನೆಗೆಟಿವಾದರೂ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುತ್ತಿತ್ತು...

ಆಲ್ಬಮ್ಮು ತೆಗೆದುಕೊಳ್ಳಲು ನನ್ನ ಜೊತೆ ಬಂದ ಮಗಳು ಅಲ್ಲೇ ನಿಂತು ಮೂರು ಸಲ ತಿರುವಿ ಹಾಕಿದಳು. "ಮಾವ, ನಮ್ಮವ್ವ ಎಲ್ಲಿ?" ಎಂದಳು. "ಛತ್ರದ್ ಬಾಗ್ಲಲ್ ಮಲ್ಗಿದ್ ನಾಯಿದೂ ಐತೆ. ನಮ್ಮವ್ವಂದು ಒಂದೂ ಇಲ್ವಲ್ಲ ಮಾವ! ಗಂಡ ಸತ್ತೋಳು ಅಂತ ಬುಟ್ಯಾ? ನೀನೂ ಅವ್ರಂಗೇನೇನಾ?"

ಲೆನ್ಸು ಒರೆಸುವ ಬಟ್ಟೆಯನ್ನು ಅವರು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ತಪ್ಪಾಯ್ತು ಕಣವ್ವ. ಆ ಗಲಾಟೇಲಿ ಗ್ಯಾನ ಬರ್ನಿಲ್ಲ" ಎಂದರು. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ... ಇಲ್ಲ, ಬಿಡುತ್ತಿರಲಿಲ್ಲ.

ಮಗಳು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ಸೀಮಂತಕ್ಕೂ ಕೂಸಿನ ನಾಮಕರಣಕ್ಕೂ ಬೇರೆಯವರನ್ನು ಕರೆಸಿದಳು. ಬಾಣಂತನ ಮುಗಿಯಲಿ ಹೇಳೋಣ, ಹಿರಿಯಮ್ಮ ಕಣ್ಣು ಮುಚ್ಚಲಿ ಹೇಳೋಣ ಎಂದು ನಾನು ದಿನ ತಳ್ಳಿದೆ. ಹಿರಿಯಮ್ಮನೂ ಹೋದರು. ಆಮೇಲೆ ನಾಚಿಕೆ ಅಡ್ಡ ಬಂತು. ಸ್ಟುಡಿಯೋ ಅಣ್ಣ ಮಾತ್ರ ದಾರಿಯಲ್ಲಿ ಸಿಕ್ಕಾಗಲೆಲ್ಲ "ಮಗು ಎಂಗದೆ ಅಕ್ಕ?" ಎಂದು ಕೇಳುತ್ತಿದ್ದರು. ಮೊಮ್ಮಗಳನ್ನಲ್ಲ, ನನ್ನ ಮಗಳನ್ನೇ. ಒಂದು ಬೇಸಿಗೆಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಬಾ ಎಂದರೆ ಮಗಳು, "ನೀನೋಗ್ಬಾರವ್ವ" ಎಂದಳು. ನಾನೊಬ್ಬಳೇ ಹೋದೆ.

ಮೊನ್ನೆ ಲೆನ್ಸು ಮಲಗಿಸಿದ ಚಾಪೆಯ ಪಕ್ಕ ಕೂತು ಮಗಳು ತನ್ನ ಮಗಳಿಗೆ ಬುದ್ಧಿ ಹೇಳಿದಳು. "ಯಾವ್ದಾರ ತಕೊ. ಆ ಮದ್ದೂರಿನ್ ಮಾವನಂಗೆ ಮಾತ್ರ ಆಗ್ಬ್ಯಾಡ. ಅಷ್ಟುದ್ದ ಲೆನ್ಸ್ ಮಡಗಿದ್ರೂ ಆವಯ್ಯನ ಕಣ್ಗೆ ನಮ್ಮವ್ವ ಕಾಣ್ನಿಲ್ಲ."

ತಡೆಯಲು ಆಗಲಿಲ್ಲ. ಹೇಳಿಬಿಟ್ಟೆ. ಎಲ್ಲವನ್ನೂ... ಮಗಳು ಕೂಗಾಡುತ್ತಾಳೆಂದು ಕಾದೆ. ಕೂಗಾಡಲಿಲ್ಲ. "ಅಷ್ಟೊಂದ್ ಅಂದ್ನಲ್ಲವ್ವ ನಾನು" ಎಂದಳು. ಎದ್ದು ನಿಂತು, "ಅವ್ರ ಹೆಂಡ್ರು ಈಗ ಎಲ್ಲವ್ರೆ?" ಎಂದಳು.

ಅವರ ಹೆಂಡತಿ ಈಗ ಬೆಳಕವಾಡಿಯಲ್ಲಿ, ತಮ್ಮನ ಮನೆಯಲ್ಲಿದ್ದಾರೆ. ನಿನ್ನೆ ಮೂವರೂ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಮೊಮ್ಮಗಳು ನನ್ನ ಕಿವಿಯಲ್ಲಿ, "ಮೋಟು ಲೆನ್ಸೇ ತಗೋತೀನಿ ಅಜ್ಜಿ. ಅಡುಗೆಮನೇಗೇ ನುಗ್ಗಿ ತೆಗೀತೀನಿ, ನಿನ್ನಂಥೋರು ಎಲ್ಲಿಗ್ ಓಡೋಯ್ತೀರಾ ನೋಡ್ತೀನಿ" ಎಂದಳು. ನನಗೆ ನಗು ಬಂತು. ಎಷ್ಟು ದಿಟ್ಟೆ ನನ್ನ ಬಂಗಾರ!

ಆಯಮ್ಮ ಕಾಫಿ ಕೊಟ್ಟು ಎದುರಿಗೆ ಕೂತರು. ಮಗಳು ಅವರ ಕೈ ಹಿಡಿದುಕೊಂಡು ಕ್ಷಮೆ ಕೇಳಿದಳು. ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ಯಾವ್ ಫೋಟೋ? ನಂತಾವ ಏನೂ ಯೋಳ್ನಿಲ್ವಲ್ಲ ಅವ್ರು. ಮಗು ಯಾಕ್ ಬರಾಕಿಲ್ಲ ಅಂತ ನಾನು ಕೇಳಿದ್ರೆ, ಸಂಸಾರ ಕಣಮ್ಮೀ, ಬಿಡುವಿರಾಕಿಲ್ಲ ಸುಮ್ಕಿರು ಅನ್ನೋರು."

ಯಾರಿಗೂ ಬೇಡ ಎಂದಿದ್ದೆನಲ್ಲ. ಹೆಂಡತಿಗೂ ಹೇಳಿರಲಿಲ್ಲ. ನಾನು ಹೊರೆ ಇಳಿಸಲು ಹೋದವಳು, ಆಯಮ್ಮನ ಮಡಿಲಿಗೆ ಹೊಸದೊಂದು ಸಂಕಟ ಹಾಕಿದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಕೇಳಿದರು:

"ನೀವೆಂಗಿದ್ರಕ್ಕ ಅದ್ರಲ್ಲಿ?"

ಆ ಫೋಟೋ ನೋಡಿದವರು ಇಬ್ಬರೇ. ಈಗ ನಾನೊಬ್ಬಳೇ. ಕೈ ಹೀಗಿತ್ತು ಎಂದು ಕೈ ಎತ್ತಿ ತೋರಿಸಿದೆ. ಮುಖ ಹೇಗಿತ್ತೆಂದು ಹೇಳಲು ಬಾಯಿ ತೆರೆದೆ... ಮೂವರೂ ನನ್ನನ್ನೇ ನೋಡುತ್ತ ಕಾದರು. ನನಗೆ ಹೇಳಲು ಬರಲಿಲ್ಲ. ಅದನ್ನು ಹೇಳಬಲ್ಲವರು ಸ್ಟುಡಿಯೋ ಅಣ್ಣ ಒಬ್ಬರೇ ಇದ್ದರು.